ನೌಕರಿಯ ಹೆಸರಲ್ಲಿ ನಂಟುಗಳ ಮಾರಾಟ

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಓಡಾಡುವವರಿಗೆ ಆ ಚೀಟಿಗಳು ಅಪರಿಚಿತವಲ್ಲ. ವಿಜಯನಗರದ ಬಸ್ ನಿಲ್ದಾಣದ ಕಂಬ, ರಾಜಾಜಿನಗರದ ವಿದ್ಯುತ್ ಪೆಟ್ಟಿಗೆ, ಬಸವೇಶ್ವರನಗರದ ಕಾಂಪೌಂಡ್ ಗೋಡೆ, ಕೆಂಗೇರಿಯ ಪೆಟ್ಟಿಗೆ ಅಂಗಡಿಯ ಬಾಗಿಲು, ಎಲ್ಲೆಂದರಲ್ಲಿ ಅವು ಅಂಟಿಕೊಂಡಿರುತ್ತವೆ. ‘ಹುಡುಗ-ಹುಡುಗಿಯರು ಬೇಕಾಗಿದ್ದಾರೆ. ಆಫೀಸ್ ಕೆಲಸ. ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸ್ ಅಥವಾ ಫೇಲ್. ಅನುಭವ ಬೇಕಿಲ್ಲ. ಕೈತುಂಬ ಸಂಬಳ.’ ಕೆಳಗೊಂದು ಮೊಬೈಲ್ ಸಂಖ್ಯೆ. ಯಾವ ಕಂಪೆನಿ? ಬರೆದಿಲ್ಲ. ಎಂಥ ಕೆಲಸ? ಬರೆದಿಲ್ಲ. ವಿಳಾಸ? ಅದೂ ಇಲ್ಲ. ಮನೆ ಬಾಡಿಗೆಗಿದೆ ಎಂದು ಬೋರ್ಡು ತೂಗುಹಾಕುವವನು ಕೂಡ ಎಷ್ಟು ಕೋಣೆ, ಕಾವೇರಿ ನೀರಿದೆಯೇ ಎಂಬುದನ್ನು ತಿಳಿಸುತ್ತಾನೆ. ಒಬ್ಬ ಯುವಕನ ದುಡಿಮೆಯ ದಿನಗಳನ್ನೇ ಕೇಳುವವರು ಮಾತ್ರ ತಮ್ಮ ಹೆಸರನ್ನು ಮರೆಮಾಚುತ್ತಾರೆ.

ಇಂಥ ಚೀಟಿಗಳೆಲ್ಲವೂ ಮೋಸವೆಂದು ಹೇಳಲಾಗದು. ಸಣ್ಣ ಅಂಗಡಿಗಳೂ ಕಾರ್ಖಾನೆಗಳೂ ಹೀಗೆಯೇ ಕೆಲಸದವರನ್ನು ಕರೆಯುವುದುಂಟು. ಆದರೆ ಹೆಸರಿಲ್ಲದ ಕರೆಯ ಹಿಂದೆ ಮಲ್ಟಿ ಲೆವೆಲ್ ಮಾರ್ಕೆಟಿಂಗ್ ಅಥವಾ ಸರಪಳಿ ವ್ಯಾಪಾರದ ಏಜೆಂಟರು ಕುಳಿತಿರುವ ಸಾಧ್ಯತೆಯನ್ನು ನಮ್ಮ ಕುಟುಂಬಗಳು ಮರೆಯಬಾರದು. ಅವರ ಕಾರ್ಯವಿಧಾನ ಎಲ್ಲ ಊರುಗಳಲ್ಲೂ ಬಹುತೇಕ ಒಂದೇ. ಫೋನಿನಲ್ಲಿ ವಿವರ ಹೇಳುವುದಿಲ್ಲ, ‘ಬನ್ನಿ, ಮಾತಾಡೋಣ’ ಎನ್ನುತ್ತಾರೆ. ಹೋದರೆ ಸಂದರ್ಶನವೆಂಬ ಶಾಸ್ತ್ರ ನಡೆಯುತ್ತದೆ. ಆ ಸಂದರ್ಶನದಲ್ಲಿ ಯಾರೂ ಅನುತ್ತೀರ್ಣರಾಗುವುದಿಲ್ಲ. ಬಳಿಕ ತರಬೇತಿಯ ಹೆಸರಿನಲ್ಲಿ ಒಂದು ಸಭಾಂಗಣ, ಟೈ ಕಟ್ಟಿದ ಭಾಷಣಕಾರ, ಕಾರು-ಬಂಗಲೆಗಳ ಚಿತ್ರ, ಯಾರದೋ ಲಕ್ಷಗಳ ಚೆಕ್ಕಿನ ಪ್ರದರ್ಶನ, ನಡುನಡುವೆ ಚಪ್ಪಾಳೆ. ಕೊನೆಗೆ ವಿಷಯಕ್ಕೆ ಬರುತ್ತಾರೆ. ಸೇರಬೇಕಾದರೆ ಇಷ್ಟು ಹಣ ಕಟ್ಟಬೇಕು, ಅಥವಾ ಇಷ್ಟು ಬೆಲೆಯ ಉತ್ಪನ್ನ ಕೊಳ್ಳಬೇಕು. ಆಮೇಲೆ ನಿಮ್ಮ ಕೆಳಗೆ ಇನ್ನಿಬ್ಬರನ್ನೋ ಆರು ಮಂದಿಯನ್ನೋ ಸೇರಿಸಬೇಕು. ಅದೇ ಕೆಲಸ!

ಇಲ್ಲಿ ಮೊದಲು ಮೋಸಹೋಗಿರುವುದು ‘ಕೆಲಸ’ ಎಂಬ ಪದ. ದುಡಿದವನಿಗೆ ದುಡಿಸಿಕೊಂಡವನು ಹಣ ಕೊಡುವುದನ್ನು ಲೋಕವೆಲ್ಲ ಕೆಲಸವೆಂದು ಕರೆಯುತ್ತದೆ. ದುಡಿಯಲು ಬಂದವನೇ ಹಣ ಕೊಡುವುದಾದರೆ ಅದು ನೌಕರಿಯಲ್ಲ, ಖರೀದಿ. ನೌಕರಿ ಹುಡುಕುತ್ತ ಬಂದವನನ್ನು ಗಿರಾಕಿಯಾಗಿ ಮಾರ್ಪಡಿಸಿ, ಅವನಿಗೆ ತಾನು ಗಿರಾಕಿಯೆಂಬುದೇ ತಿಳಿಯದಂತೆ ನೋಡಿಕೊಳ್ಳುವುದರಲ್ಲಿ ಈ ವ್ಯವಹಾರದ ಚಾತುರ್ಯವೆಲ್ಲ ಅಡಗಿದೆ.

ನೌಕರಿ ಎಂದರೇನು ಎಂಬುದಕ್ಕೆ ಇದೇ ಪ್ರದೇಶದಲ್ಲಿ ಒಂದು ದೊಡ್ಡ ಸಾಕ್ಷಿ ನಿಂತಿದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆ. ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ, ಹೋಟೆಲುಗಳ ಕಾರ್ಮಿಕರು ತಮ್ಮ ಕುಟುಂಬದೊಂದಿಗೆ ಅಲ್ಲಿ ಚಿಕಿತ್ಸೆ ಪಡೆಯುತ್ತಾರೆ. ಆ ಹಕ್ಕು ಅವರಿಗೆ ಬಂದದ್ದು ಸಂಬಳದ ಮೂಲಕ. 2019ರ ಜುಲೈಯಲ್ಲಿ ಜಾರಿಗೆ ಬಂದ ದರದಂತೆ ಕಾರ್ಮಿಕನ ಪಾಲು ಸಂಬಳದ ಶೇ. 0.75, ಮಾಲಕನ ಪಾಲು ಶೇ. 3.25. ಅಂದರೆ ಹದಿನೈದು ಸಾವಿರ ಸಂಬಳದವನಿಂದ ಕಡಿತವಾಗುವುದು ಸುಮಾರು 113 ರೂಪಾಯಿ, ಮಾಲಕ ತನ್ನ ಕಿಸೆಯಿಂದ ಸೇರಿಸಬೇಕಾದದ್ದು ಸುಮಾರು 488 ರೂಪಾಯಿ. ಇದರ ಜೊತೆಗೆ ಭವಿಷ್ಯ ನಿಧಿ, ನೇಮಕಾತಿ ಪತ್ರ, ಸಂಬಳದ ಚೀಟಿ. ಸಣ್ಣ ಜಾಗಗಳಲ್ಲಿ ಇವೆಲ್ಲ ಇಲ್ಲದಿರಬಹುದು. ಆದರೂ ತಿಂಗಳ ಕೊನೆಗೆ ಮಾಲಕನ ಕೈಯಿಂದ ದುಡಿದವನ ಕೈಗೆ ಹಣ ಬರುತ್ತದೆ. ಸರಪಳಿ ವ್ಯಾಪಾರದಲ್ಲಿ ಮಾಲಕನಿಲ್ಲ, ಸಂಬಳವಿಲ್ಲ, ರಜೆಯಿಲ್ಲ, ಇಎಸ್‌ಐ ಇಲ್ಲ. ಅಲ್ಲಿರುವುದು ‘ಕಮಿಷನ್’ ಎಂಬ ಒಂದು ಭರವಸೆ ಮಾತ್ರ. ಆ ಭರವಸೆ ಈಡೇರಬೇಕಾದರೂ ಇನ್ನೊಬ್ಬನ ಕಿಸೆಯಿಂದ ಹಣ ಹೊರಬರಬೇಕು.

ಹಾಗಾದರೆ ನಮ್ಮ ಮಕ್ಕಳು ಇದನ್ನು ಗುರುತಿಸದೆ ಹೋಗುವುದೇಕೆ? ಅವರು ದಡ್ಡರೆಂದೋ ದುರಾಸೆಯವರೆಂದೋ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾರಣ ಬೇರೆಯೇ ಇದೆ. ಮುಸ್ಲಿಮರಲ್ಲಿ ಸ್ವಯಂ ಉದ್ಯೋಗದ ಪಾಲು ಹೆಚ್ಚು, ನಿಯತ ಸಂಬಳದ ನೌಕರಿಯ ಪಾಲು ಕಡಿಮೆ ಎಂದು 2006ರ ಸಾಚಾರ್ ಸಮಿತಿಯ ವರದಿ ಅಂಕಿಅಂಶಗಳೊಂದಿಗೆ ಹೇಳಿತು. ಅದರ ಅರ್ಥವನ್ನು ಮನೆಯೊಳಗೆ ಹುಡುಕಬೇಕು. ಗೋರಿಪಾಳ್ಯದಲ್ಲೋ ಪಾದರಾಯನಪುರದಲ್ಲೋ ತಂದೆ ಗ್ಯಾರೇಜಿನಲ್ಲಿ ದುಡಿಯುತ್ತಾನೆ, ಚಿಕ್ಕಪ್ಪನದು ಗುಜರಿ ವ್ಯಾಪಾರ, ಮಾವ ಹಣ್ಣಿನ ತಳ್ಳುಗಾಡಿ ನಡೆಸುತ್ತಾನೆ. ರಾಮನಗರ, ಚನ್ನಪಟ್ಟಣಗಳ ಕಡೆಯಿಂದ ಕೆಂಗೇರಿಗೆ ಬಂದಿಳಿಯುವ ಹುಡುಗನ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ. ಮೂರು ತಲೆಮಾರಿನಲ್ಲಿ ಯಾರೂ ನೇಮಕಾತಿ ಪತ್ರ ಕಂಡಿಲ್ಲ. ಭವಿಷ್ಯ ನಿಧಿಯ ಸಂಖ್ಯೆ ಯಾರಿಗೂ ಇಲ್ಲ. ಪಿಯುಸಿ ಮುಗಿಸಿದ ಮಗನೋ ಬಿ.ಕಾಂ. ಮುಗಿಸಿದ ಮಗಳೋ ಬಂದು ‘ಅಬ್ಬಾ, ಆಫೀಸಿನಲ್ಲಿ ಕೆಲಸ ಸಿಕ್ಕಿತು, ತರಬೇತಿಗೆ ಹತ್ತು ಸಾವಿರ ಕಟ್ಟಬೇಕಂತೆ’ ಎಂದರೆ ಆ ತಂದೆಗೆ ಸಂಶಯ ಮೂಡುವುದಾದರೂ ಹೇಗೆ? ತನ್ನ ವ್ಯಾಪಾರಕ್ಕೂ ಅವನು ಬಂಡವಾಳ ಹಾಕಿದ್ದಾನೆ. ಅಂಗಡಿ ಹಿಡಿಯಲು ಮುಂಗಡ ಕೊಟ್ಟಿದ್ದಾನೆ. ದೊಡ್ಡ ನೌಕರಿಗೂ ಹೀಗೆಯೇ ಇರಬಹುದೆಂದು ತಿಳಿಯುತ್ತಾನೆ. ತಾಯಿಯ ಕಿವಿಯೋಲೆ ಅಡವಿಗೆ ಹೋಗುತ್ತದೆ.

ನೌಕರಿಯ ಜಗತ್ತಿನಿಂದ ಒಂದು ಸಮುದಾಯ ಬಹುಕಾಲ ಹೊರಗಿದ್ದರೆ ಅದಕ್ಕೆ ನೌಕರಿಗಳಷ್ಟೇ ತಪ್ಪುವುದಿಲ್ಲ, ನೌಕರಿಯನ್ನು ಗುರುತಿಸುವ ಕಣ್ಣೂ ತಪ್ಪುತ್ತದೆ. ಬಡವ ಯಾವ ಧರ್ಮದವನಾದರೂ ಇದೇ ಸ್ಥಿತಿ. ಕೆಂಗೇರಿಯ ಆಚೆಗಿನ ಹಳ್ಳಿಯ ರೈತನ ಮಗನಿಗೂ ಉತ್ತರ ಕರ್ನಾಟಕದಿಂದ ಕೆಲಸ ಹುಡುಕಿ ಬಂದು ವಿಜಯನಗರದ ಪಿಜಿಯಲ್ಲಿ ತಂಗಿದ ಪದವೀಧರನಿಗೂ ಇದೇ ಬಲೆ.

ಇನ್ನು ಲೆಕ್ಕಕ್ಕೆ ಬರೋಣ. ಒಬ್ಬ ಆರು ಮಂದಿಯನ್ನು ಸೇರಿಸುತ್ತಾನೆ, ಆ ಆರು ಮಂದಿ ತಲಾ ಆರು ಮಂದಿಯನ್ನು. ಕಪ್ಪುಹಲಗೆಯ ಮೇಲೆ ಇದು ಚೆಂದ ಕಾಣುತ್ತದೆ. ಆದರೆ ಒಂಬತ್ತನೆಯ ಹಂತಕ್ಕೆ ಬರುವಾಗ ಹೊಸದಾಗಿ ಬೇಕಾಗುವವರ ಸಂಖ್ಯೆ 1,00,77,696. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 96 ಲಕ್ಷವಷ್ಟೇ ಇತ್ತು. ತೊಟ್ಟಿಲ ಕೂಸುಗಳನ್ನೂ ಹಾಸಿಗೆ ಹಿಡಿದ ಮುದುಕರನ್ನೂ ಸೇರಿಸಿದರೂ ಸಾಲದು. ಹತ್ತನೆಯ ಹಂತದಲ್ಲಿ ಮತ್ತೆ ಆರು ಕೋಟಿ ಜನ ಬೇಕು. ಆ ಗಣತಿಯ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸರಪಳಿ ಯಾವ ಹಂತದಲ್ಲಿ ನಿಂತರೂ ಸೇರಿದವರಲ್ಲಿ ಶೇ. 83ರಷ್ಟು ಜನ ಅತ್ಯಂತ ಕೆಳಗಿನ ಸಾಲಿನಲ್ಲಿರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಆದ್ದರಿಂದ ಅವರು ಕಟ್ಟಿದ ಹಣ ಮರಳುವುದಿಲ್ಲ. ‘ಶ್ರಮಪಟ್ಟರೆ ಎಲ್ಲರೂ ಗೆಲ್ಲಬಹುದು’ ಎಂದು ವೇದಿಕೆಯಲ್ಲಿ ಹೇಳುತ್ತಾರೆ. ಎಲ್ಲರೂ ಶ್ರಮಪಟ್ಟರೂ ಆರರಲ್ಲಿ ಐದು ಮಂದಿ ಸೋಲಲೇಬೇಕಾದ ಏರ್ಪಾಡು ಇದು. ಹೀಗಿರುತ್ತ ಸೋತವನಿಗೆ ‘ನಿನ್ನ ಪ್ರಯತ್ನ ಸಾಲದು’ ಎಂದು ಹೇಳುವುದು ಹಣ ಕಸಿದುಕೊಂಡದ್ದಕ್ಕಿಂತಲೂ ದೊಡ್ಡ ಅನ್ಯಾಯ.

ಈ ಬಗೆಯ ವ್ಯವಹಾರವನ್ನು ನಮ್ಮ ದೇಶದ ಕಾನೂನು ಬಹಳ ಹಿಂದೆಯೇ ಗುರುತಿಸಿತ್ತು. 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯ ಉದ್ದೇಶವೇ ಅದು. ಸದಸ್ಯರನ್ನು ಸೇರಿಸುವುದರಿಂದಲೇ ಹಣ ಬರುವ ಯೋಜನೆಯನ್ನು ನಡೆಸಿದವರಿಗೆ ಮೂರು ವರ್ಷಗಳ ತನಕ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿದೆ. ಇದರಿಂದ ನುಣುಚಿಕೊಳ್ಳಲು ಬಂದದ್ದೇ ಉತ್ಪನ್ನವೆಂಬ ಮರೆ. ಬರಿಯ ಹಣ ಪಡೆದರೆ ಅಪರಾಧವಾಗುತ್ತದೆ, ಹಾಗಾಗಿ ಒಂದು ಡಬ್ಬಿ ಪುಡಿ, ಒಂದು ಬಾಟಲಿ ರಸ, ಒಂದು ಕೈಗಡಿಯಾರ, ಒಂದು ಪ್ರವಾಸದ ಕೂಪನ್ ಕೈಗಿಡುವುದು. ಅಂಗಡಿಯಲ್ಲಿ ಆ ಬೆಲೆಗೆ ಅದನ್ನು ಯಾರೂ ಕೊಳ್ಳಲಾರರು. ಸದಸ್ಯತ್ವದ ಆಸೆಗಾಗಿ ಮಾತ್ರ ಕೊಳ್ಳುತ್ತಾರೆ.

ನ್ಯಾಯಾಲಯಗಳು ಈ ಮರೆಯನ್ನು ಸರಿಸಿ ನೋಡಿದ್ದುಂಟು. 2007ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಆಮ್‌ವೇ ಕಂಪೆನಿಯ ಯೋಜನೆ 1978ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಹೇಳಿತು. ಅದೇ ಕಂಪೆನಿಯ 757 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿಯನ್ನು 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿಕೊಂಡಿತು. ಆನ್‌ಲೈನ್ ಸಮೀಕ್ಷೆ ತುಂಬಿದರೆ ಹಣ ಎಂದು ಹೇಳಿ ಒಬ್ಬೊಬ್ಬರಿಂದ 11,000 ರೂಪಾಯಿ ಪಡೆದ ಸ್ಪೀಕ್ ಏಷ್ಯಾ 2011ರಲ್ಲಿ ಕುಸಿದು ಬಿದ್ದಾಗ ಲಕ್ಷಾಂತರ ಕುಟುಂಬಗಳು ಕೈಚೆಲ್ಲಿ ಕುಳಿತವು. ಬೆಂಗಳೂರಿಗೂ ಈ ಇತಿಹಾಸದಲ್ಲಿ ಪಾಲಿದೆ. ಕ್ಯೂನೆಟ್‌ನ ವ್ಯವಹಾರವನ್ನು ಭಾರತದಲ್ಲಿ ನಡೆಸುತ್ತಿದ್ದ ವಿಹಾನ್ ಡೈರೆಕ್ಟ್ ಸೆಲ್ಲಿಂಗ್ ಬೆಂಗಳೂರಿನ ಕಂಪೆನಿ. 2013ರಲ್ಲಿ ಮುಂಬೈ ಪೊಲೀಸರು ಆರಂಭಿಸಿದ ತನಿಖೆಯ ಬಳಿಕ 2019ರಲ್ಲಿ ಸೈಬರಾಬಾದ್ ಪೊಲೀಸರು ಹತ್ತಾರು ಮಂದಿಯನ್ನು ಬಂಧಿಸಿದರು. ಅದನ್ನು ಮುಚ್ಚಿಸಬೇಕೆಂದು ಕಂಪೆನಿ ವ್ಯವಹಾರಗಳ ಸಚಿವಾಲಯವೇ ಕಂಪೆನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದ ಮೊರೆಹೋಯಿತು. 2021ರಲ್ಲಿ ಇಂಡಸ್ ವಿವಾ ಎಂಬ ಇನ್ನೊಂದು ಬೆಂಗಳೂರು ಕಂಪೆನಿಯ ಮುಖ್ಯಸ್ಥರ ಬಂಧನವಾಯಿತು. ಸುಮಾರು ಹತ್ತು ಲಕ್ಷ ಜನರಿಂದ 1,500 ಕೋಟಿ ರೂಪಾಯಿ ಸಂಗ್ರಹವಾಗಿದೆ ಎಂಬುದು ಪೊಲೀಸರ ಆರೋಪವಾಗಿತ್ತು. ಆಮ್‌ವೇ, ಕ್ಯೂನೆಟ್‌ಗಳು ತಮ್ಮ ಮೇಲಿನ ಆರೋಪಗಳನ್ನು ನಿರಾಕರಿಸಿವೆ ಎಂಬುದನ್ನೂ ಹೇಳಬೇಕು. ಆದರೆ ಒಂದಾದ ಮೇಲೊಂದರಂತೆ ಕಂಪೆನಿಗಳ ಹೆಸರು ಬದಲಾಗುತ್ತಿದ್ದರೂ ಸಭಾಂಗಣದ ಭಾಷಣ ಬದಲಾಗಿಲ್ಲ ಎಂಬುದೇ ಓದುಗರು ಗಮನಿಸಬೇಕಾದ ವಿಷಯ.

‘ನೇರ ಮಾರಾಟ ಕಾನೂನುಬದ್ಧವೇ ಅಲ್ಲವೇ? ಸರಕಾರವೇ ನಿಯಮ ಮಾಡಿದೆಯಲ್ಲ?’ ಎಂದು ಏಜೆಂಟರು ಕೇಳುತ್ತಾರೆ. ನಿಜ, ಮಾಡಿದೆ. ಸೇರುವವರಿಂದ ಪ್ರವೇಶ ಶುಲ್ಕ ಪಡೆಯಬಾರದು, ಸೇರುವುದಕ್ಕಾಗಿ ಉತ್ಪನ್ನ ಕೊಳ್ಳುವಂತೆ ಮಾಡಬಾರದು ಎಂದು 2016ರ ಮಾರ್ಗಸೂಚಿ ಹೇಳಿತು. 2021ರ ಡಿಸೆಂಬರ್‌ನಲ್ಲಿ ಪ್ರಕಟವಾದ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಪಿರಮಿಡ್ ಯೋಜನೆಗೆ ಜನರನ್ನು ಸೇರಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದವು, ಕಂಪೆನಿಗೂ ಮಾರಾಟಗಾರನಿಗೂ ಮುಂಚಿತವಾಗಿ ಲಿಖಿತ ಒಪ್ಪಂದವಾಗಬೇಕೆಂದವು. ಮನೆಮನೆಗೆ ಹೋಗಿ ಸಾಬೂನು ಮಾರಿ, ಮಾರಿದ ಸಾಬೂನಿಗೆ ಲಾಭ ಪಡೆಯುವವನು ಗೌರವಾನ್ವಿತ ವ್ಯಾಪಾರಿ. ಅವನ ಬಗ್ಗೆ ಯಾರ ತಕರಾರೂ ಇಲ್ಲ. ಸಾಬೂನು ಯಾರಿಗೂ ಬೇಡವಾಗಿ, ಸಾಬೂನು ಮಾರುವವರನ್ನು ಸೇರಿಸುವವರನ್ನು ಸೇರಿಸುವುದೇ ಲಾಭವಾದರೆ ಅದು ವ್ಯಾಪಾರದ ವೇಷ ತೊಟ್ಟ ಜೂಜು. ಇವೆರಡರ ನಡುವಿನ ಅಂತರವನ್ನು ತಿಳಿಯಲು ಒಂದೇ ಪ್ರಶ್ನೆ ಸಾಕು: ಇನ್ನು ಮುಂದೆ ಒಬ್ಬನೂ ಹೊಸದಾಗಿ ಸೇರದಿದ್ದರೆ ನನಗೆ ತಿಂಗಳಿಗೆ ಎಷ್ಟು ಬರುತ್ತದೆ?

‘ಇಂಥವನು ಲಕ್ಷ ಸಂಪಾದಿಸಿದ’ ಎಂಬ ಮಾತೂ ಸುಳ್ಳಾಗಿರಬೇಕಿಲ್ಲ. ಮೇಲಿನ ಸಾಲಿನವರು ಸಂಪಾದಿಸುತ್ತಾರೆ. ಸರಪಳಿ ವ್ಯಾಪಾರದ ತವರಾದ ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರಕಾರಿ ಸಂಸ್ಥೆ 2024ರಲ್ಲಿ ಇಂಥ 70 ಕಂಪೆನಿಗಳು ತಾವೇ ಪ್ರಕಟಿಸಿದ ಆದಾಯದ ವಿವರಗಳನ್ನು ಪರಿಶೀಲಿಸಿತು. ಸೇರಿದವರಲ್ಲಿ ಹೆಚ್ಚಿನವರ ಗಳಿಕೆ ವರ್ಷಕ್ಕೆ ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಿಮೆ ಎಂಬುದು ಅದರಿಂದ ತಿಳಿದು ಬಂತು. ಆ ವಿವರಗಳಲ್ಲಿ ಬಹುತೇಕ ಅವರು ಮಾಡಿದ ಖರ್ಚಿನ ಲೆಕ್ಕವೇ ಇರಲಿಲ್ಲ. ಕಂಪೆನಿಗಳ ಸ್ವಂತ ಲೆಕ್ಕವೇ ಹೀಗಿರುವಾಗ ವಿಜಯನಗರದ ಸಭಾಂಗಣದ ಚೆಕ್ಕನ್ನು ನಂಬುವುದು ಹೇಗೆ?

ಇಷ್ಟಾದರೂ, ಕಳೆದುಹೋದ ಹತ್ತು ಸಾವಿರವೋ ಐವತ್ತು ಸಾವಿರವೋ ಇಲ್ಲಿನ ಅತಿ ದೊಡ್ಡ ನಷ್ಟವಲ್ಲ. ಹಣವನ್ನು ಮತ್ತೆ ದುಡಿಯಬಹುದು. ತರಬೇತಿಯ ಮೊದಲ ದಿನಗಳಲ್ಲೇ ಹೊಸಬನಿಗೆ ಒಂದು ಕಾಗದ ಕೊಟ್ಟು ‘ನಿನಗೆ ಗೊತ್ತಿರುವ ನೂರು ಮಂದಿಯ ಹೆಸರು ಬರೆ’ ಎನ್ನುತ್ತಾರೆ. ಈ ದಂಧೆಯ ನಿಜವಾದ ಕಚ್ಚಾವಸ್ತು ಆ ಪಟ್ಟಿ. ಅದರಲ್ಲಿ ಯಾರಿರುತ್ತಾರೆ? ಚಾಚಾ, ಖಾಲಾ, ಆಪಾಳ ಗಂಡ, ಕಾಲೇಜಿನ ಗೆಳೆಯ, ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುವ ಹಿರಿಯರು, ಬಾಡಿಗೆ ತಡವಾದರೂ ಸುಮ್ಮನಿರುವ ಮನೆಮಾಲಕ. ಅವರು ಹಣ ಕೊಡುವುದು ಕಂಪೆನಿಯನ್ನು ನಂಬಿ ಅಲ್ಲ, ಹುಡುಗನನ್ನು ನಂಬಿ. ಮನೆಯವರು ಇಪ್ಪತ್ತು ಮೂವತ್ತು ವರ್ಷಗಳಿಂದ ಉಳಿಸಿಕೊಂಡು ಬಂದ ಮರ್ಯಾದೆಯನ್ನು ಅವನು ಕೆಲವೇ ವಾರಗಳಲ್ಲಿ ಖರ್ಚುಮಾಡಿ ಮುಗಿಸುತ್ತಾನೆ. ಮದುವೆ ಮನೆಯಲ್ಲಿ ಅವನನ್ನು ಕಂಡರೆ ಜನ ಬೇರೆ ಬಾಗಿಲಿನಿಂದ ಹೊರಡುತ್ತಾರೆ. ಸಲಾಂ ಹೇಳಿದರೂ ಎಲ್ಲಿ ಯೋಜನೆಯ ಮಾತು ತೆಗೆಯುತ್ತಾನೋ ಎಂದು ಅಳುಕುತ್ತಾರೆ. ‘ನಕಾರಾತ್ಮಕವಾಗಿ ಮಾತಾಡುವವರಿಂದ ದೂರವಿರಿ’ ಎಂದು ಸಭಾಂಗಣದಲ್ಲಿ ಬೋಧಿಸಿರುವುದರಿಂದ ಎಚ್ಚರಿಸಿದ ತಂದೆಯೂ ಅವನಿಗೆ ಶತ್ರುವಾಗಿ ಕಾಣುತ್ತಾನೆ.

ಇನ್ನು ಅವನು ದೂರು ಕೊಡುತ್ತಾನೆಯೇ? ಕೊಡುವುದು ವಿರಳ. ಕಳ್ಳತನವಾದ ಮನೆಯವನು ಪೊಲೀಸ್ ಠಾಣೆಗೆ ಓಡುತ್ತಾನೆ. ಸರಪಳಿಯಲ್ಲಿ ಸಿಕ್ಕವನು ಓಡಲಾರ. ಏಕೆಂದರೆ ಅವನು ವಂಚಿತನೂ ಹೌದು, ತನ್ನ ಕೆಳಗಿನ ನಾಲ್ಕು ಮಂದಿಯ ಪಾಲಿಗೆ ವಂಚಕನೂ ಹೌದು. 1978ರ ಕಾಯ್ದೆಯ ಮೂರನೆಯ ಕಲಮು ಇಂಥ ಯೋಜನೆಯನ್ನು ನಡೆಸುವುದನ್ನಷ್ಟೇ ಅಲ್ಲ, ಅದರಲ್ಲಿ ಭಾಗವಹಿಸುವುದನ್ನೂ ನಿಷೇಧಿಸುತ್ತದೆ. ಮೇಲೆ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು. ‘ದೂರು ಕೊಟ್ಟರೆ ನೀನೇ ಸಿಕ್ಕಿಬೀಳುತ್ತೀಯ’ ಎಂಬ ಒಂದು ಮಾತು ಅವರಿಗೆ ಹತ್ತು ವಕೀಲರಿಗಿಂತ ಹೆಚ್ಚು ರಕ್ಷಣೆ ಕೊಡುತ್ತದೆ. ಮೋಸಹೋದವನನ್ನೇ ಮೋಸದ ಪಾಲುದಾರನನ್ನಾಗಿ ಮಾಡಿ ಅವನ ಬಾಯಿ ಮುಚ್ಚಿಸುವ ಈ ವ್ಯವಸ್ಥೆ ಬೀದಿಯ ಜೇಬುಗಳ್ಳತನಕ್ಕಿಂತ ಎಷ್ಟೋ ಪಾಲು ಕ್ರೂರವಾದುದು.

ವ್ಯಾಪಾರದ ಸರಿ-ತಪ್ಪುಗಳ ಬಗ್ಗೆ ನಮಗೆ ಹೊಸದಾಗಿ ಪಾಠ ಬೇಕಿಲ್ಲ. ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದಾಗ ಮೇಲೆ ಒಣಗಿದ್ದ ಧಾನ್ಯದ ಒಳಗೆ ತೇವ ಸಿಕ್ಕ ಪ್ರಸಂಗವನ್ನು ಮದ್ರಸದ ಮಕ್ಕಳೂ ಬಲ್ಲರು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂದು ಅವರು ತಿಳಿಸಿದರು. ‘ಆಫೀಸ್ ಕೆಲಸ’ ಎಂಬ ಚೀಟಿ ಮೇಲಿನ ಒಣ ಧಾನ್ಯ. ಸದಸ್ಯತ್ವದ ಹಣ ಒಳಗಿನ ತೇವ. ಸೌದಿ ಅರೇಬಿಯಾದ ಫತ್ವಾ ಸ್ಥಾಯಿ ಸಮಿತಿ 2004ರಲ್ಲೇ ಇಂಥ ವ್ಯವಹಾರವನ್ನು ನಿಷಿದ್ಧವೆಂದು ಸಾರಿತು. ಇಲ್ಲಿ ಜನರ ಗುರಿ ಕಮಿಷನ್, ಉತ್ಪನ್ನ ಬರಿಯ ಮರೆ, ಇದರಲ್ಲಿ ಅನಿಶ್ಚಿತತೆಯೂ ವಂಚನೆಯೂ ಇದೆ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಸೇರಿದೆ.

ಹೀಗಿದ್ದೂ ‘ಹಲಾಲ್’ ಎಂಬ ಪದವನ್ನು ಸಿಹಿಲೇಪನದಂತೆ ಬಳಸಿದವರನ್ನು ಬೆಂಗಳೂರಿನ ಮುಸ್ಲಿಮರು ಕಂಡಿದ್ದಾರೆ. 2018ರಲ್ಲಿ ಆಂಬಿಡೆಂಟ್, ಅದೇ ವರ್ಷ ಹೀರಾ ಗೋಲ್ಡ್, 2019ರಲ್ಲಿ ಶಿವಾಜಿನಗರದ ಐಎಂಎ. ಇವು ಸರಪಳಿ ಕಂಪೆನಿಗಳಲ್ಲ, ಹೂಡಿಕೆಯ ಯೋಜನೆಗಳು. ಆದರೆ ಅವುಗಳ ಬಂಡವಾಳವೂ ಜನರ ವಿಶ್ವಾಸವೇ ಆಗಿತ್ತು. ಐಎಂಎ ಒಂದರ ವಿರುದ್ಧವೇ ನಲವತ್ತು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಹಜ್‌ಗೆಂದು ಕೂಡಿಟ್ಟ, ಮಗಳ ನಿಕಾಹ್‌ಗೆಂದು ಎತ್ತಿಟ್ಟ ಹಣ ಕರಗಿತು. ಯಾವುದೇ ಯೋಜನೆಗೆ ಗಡ್ಡ-ಟೋಪಿಯ ಪ್ರತಿನಿಧಿ ಸಿಕ್ಕ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ ಎಂಬುದನ್ನು ನಾವು ಅಷ್ಟೊಂದು ಬೆಲೆ ತೆತ್ತು ಕಲಿತಿದ್ದೇವೆ. ಕಲಿತದ್ದನ್ನು ಮರೆಯಬಾರದು.

ಈಗ ಚೀಟಿ ಗೋಡೆಯಿಂದ ಮೊಬೈಲಿಗೂ ಬಂದಿದೆ. ವೀಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ಒಳ್ಳೆಯ ಅಭಿಪ್ರಾಯ ಬರೆಯಿರಿ, ಮನೆಯಲ್ಲೇ ಕುಳಿತು ದುಡಿಯಿರಿ ಎಂಬ ಸಂದೇಶಗಳು ವಾಟ್ಸಾಪ್, ಟೆಲಿಗ್ರಾಂಗಳಲ್ಲಿ ಹರಿದಾಡುತ್ತವೆ. ಮೊದಲ ದಿನ ನೂರೋ ಇನ್ನೂರೋ ರೂಪಾಯಿ ಖಾತೆಗೆ ನಿಜವಾಗಿಯೂ ಬರುತ್ತದೆ. ವಿಶ್ವಾಸ ಮೂಡಿದ ಮೇಲೆ ‘ದೊಡ್ಡ ಕೆಲಸ’ಕ್ಕೆ ಠೇವಣಿ ಕೇಳುತ್ತಾರೆ. ಇಂಥ ಅರೆಕಾಲಿಕ ನೌಕರಿಯ ವಂಚನೆಗೆ ಬಳಕೆಯಾಗುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರಕಾರ 2023ರ ಡಿಸೆಂಬರ್‌ನಲ್ಲಿ ಮುಚ್ಚಿಸಿತು. ಮನೆಯಿಂದ ಹೊರಗೆ ಕೆಲಸಕ್ಕೆ ಹೋಗುವ ಅನುಕೂಲವಿಲ್ಲದ ನಮ್ಮ ಹೆಣ್ಣುಮಕ್ಕಳಿಗೆ ಈ ಬಲೆಯ ಅಪಾಯ ಹೆಚ್ಚು. ಗೋಡೆಯ ಚೀಟಿಯನ್ನಾದರೂ ದಾರಿಹೋಕರು ಓದಿ ಎಚ್ಚರಿಸಬಹುದು, ಅಡುಗೆಮನೆಯ ಮೂಲೆಯಲ್ಲಿ ಮೊಬೈಲಿಗೆ ಬಂದ ಸಂದೇಶವನ್ನು ಇನ್ನೊಬ್ಬರು ನೋಡುವುದಿಲ್ಲ.

ಸರಕಾರದ ಹೊಣೆ ಇಲ್ಲಿ ಚಿಕ್ಕದಲ್ಲ. 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿದ ಯುವನಿಧಿ ಯೋಜನೆಯಲ್ಲಿ ರಾಜ್ಯ ಸರಕಾರ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡುವುದಾಗಿ ಹೇಳಿತು. ಪಿಯುಸಿಗೇ ಓದು ನಿಲ್ಲಿಸಿದವರು ಅದರ ವ್ಯಾಪ್ತಿಯಲ್ಲಿರಲಿಲ್ಲ. ‘ಪಾಸ್ ಅಥವಾ ಫೇಲ್’ ಎಂದು ಬರೆದ ಚೀಟಿಗಳು ಕರೆಯುವುದು ಅವರನ್ನೇ. ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಭಿತ್ತಿಪತ್ರ ಅಂಟಿಸುವುದು 1981ರ ಕರ್ನಾಟಕದ ಕಾಯ್ದೆಯಂತೆ ಅಪರಾಧ. ಸಿನಿಮಾ, ರಾಜಕೀಯದ ಪೋಸ್ಟರುಗಳನ್ನು ಕೀಳಿಸಲು ಆಗಾಗ ಹೊರಡುವ ಅಧಿಕಾರಿಗಳು ಈ ಚೀಟಿಗಳ ಮೊಬೈಲ್ ಸಂಖ್ಯೆಗಳಿಗೆ ಒಮ್ಮೆ ಕರೆ ಮಾಡಿದರೂ ಸಾಕು, ಯಾವುದು ನೌಕರಿ, ಯಾವುದು ಬಲೆ ಎಂಬುದು ಅರ್ಧ ತಾಸಿನಲ್ಲಿ ತಿಳಿದುಹೋಗುತ್ತದೆ. ನೇರ ಮಾರಾಟ ಕಂಪೆನಿಗಳ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ರಾಜ್ಯಗಳೇ ಮಾಡಿಕೊಳ್ಳಬೇಕೆಂದು 2021ರ ನಿಯಮಗಳು ಹೇಳಿವೆ. ಲಕ್ಷಾಂತರ ಜನ ಹಣ ಕಳೆದುಕೊಂಡ ಮೇಲೆ ಆಸ್ತಿ ಮುಟ್ಟುಗೋಲು ಹಾಕುವುದಕ್ಕಿಂತ ಮೊದಲ ನೂರು ಮಂದಿ ಸೇರುವಾಗಲೇ ತಡೆಯುವುದು ಅಗ್ಗದ ಕೆಲಸ.

ಸರಕಾರಕ್ಕಾಗಿ ಕಾಯುತ್ತ ಕೂರಬೇಕಾಗಿಯೂ ಇಲ್ಲ. ಪ್ರತಿಯೊಂದು ಜಮಾಅತ್‌ನಲ್ಲೂ ನಿಯತ ನೌಕರಿಯಲ್ಲಿರುವ ನಾಲ್ಕೈದು ಮಂದಿಯಾದರೂ ಇದ್ದಾರೆ. ಬ್ಯಾಂಕಿನವರು, ಶಿಕ್ಷಕರು, ಕಾರ್ಖಾನೆಯ ಮೇಲ್ವಿಚಾರಕರು, ಐಟಿಯವರು. ವಾರಕ್ಕೆ ಒಂದು ಸಂಜೆ ಮಸೀದಿಯ ಆವರಣದಲ್ಲಿ ಕುಳಿತು, ಕೆಲಸದ ಕರೆ ಬಂದ ಮಕ್ಕಳ ಕಾಗದಪತ್ರಗಳನ್ನು ಅವರು ನೋಡಿಕೊಟ್ಟರೆ ಅದೆಷ್ಟು ಮನೆಗಳು ಉಳಿದಾವು! ಜುಮಾ ಖುತುಬಾದಲ್ಲಿ ವರ್ಷಕ್ಕೊಮ್ಮೆಯಾದರೂ ಈ ವಿಷಯ ಬರಲಿ. ಯಾವುದೇ ಕಂಪೆನಿಯ ಸಭೆಗೆ ಮದ್ರಸದ ಕಟ್ಟಡವನ್ನಾಗಲಿ ಶಾದಿಮಹಲನ್ನಾಗಲಿ ಕೊಡುವ ಮೊದಲು ಕಮಿಟಿಯವರು ಅದರ ಕಾಗದ ಪರಿಶೀಲಿಸಲಿ. ನೌಕರಿಗೆ ಮೊದಲೇ ಹಣ ಕೇಳಿದರೆ ಅದು ನೌಕರಿಯಲ್ಲ ಎಂಬ ಒಂದು ವಾಕ್ಯವನ್ನು ಮನೆಯ ಪ್ರತಿಯೊಬ್ಬರಿಗೂ ಕಲಿಸಿ. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ತಡಮಾಡದೆ 1930ಕ್ಕೆ, ನೇರ ಮಾರಾಟದ ಕಂಪೆನಿಯ ವಿಷಯವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಠಾಣೆಗೆ ಹೋಗಲು ಅಂಜಿಕೆಯಾದರೆ ಮೊದಲು ಒಬ್ಬ ವಕೀಲರನ್ನು ಕಾಣಿ. ಸೇರಿದ್ದ ನಾಲ್ಕು ಮಂದಿ ಒಟ್ಟಾಗಿ ಹೋದರೆ ಹೆದರಿಸುವವರ ಮಾತಿಗೆ ಬಲವಿರುವುದಿಲ್ಲ.

ಎಲ್ಲಕ್ಕಿಂತ ಮೊದಲು ನಡೆಯಬೇಕಾದದ್ದು ಮನೆಯೊಳಗೆ. ಹಣ ಕಳೆದುಕೊಂಡು ಬಂದ ಮಗನನ್ನೋ ಮಗಳನ್ನೋ ಬಯ್ದು ಹಂಗಿಸಿದರೆ ಅವರು ಮರಳಿ ಹೋಗುವುದು ಅದೇ ಸಭಾಂಗಣಕ್ಕೆ. ಏಕೆಂದರೆ ಅಲ್ಲಿ ಮಾತ್ರ ಅವರಿಗೆ ಚಪ್ಪಾಳೆ ಸಿಗುತ್ತದೆ, ಕಳೆದುಕೊಂಡದ್ದನ್ನು ಇನ್ನಿಬ್ಬರಿಂದ ಹಿಂಪಡೆಯುವ ದಾರಿಯನ್ನು ಅಲ್ಲಿಯವರೇ ತೋರಿಸಿಕೊಡುತ್ತಾರೆ. ಸರಪಳಿ ಮುಂದುವರಿಯುವುದು ಹೀಗೆಯೇ. ‘ಹಣ ಹೋದರೆ ಹೋಯಿತು ಬೇಟಾ, ನಿನ್ನ ಕೆಳಗೆ ಸೇರಿದವರ ಮನೆಗೆ ನಾವಿಬ್ಬರೂ ಹೋಗಿ ನಿಜ ಹೇಳಿ ಬರೋಣ’ ಎಂದು ಹೇಳುವ ತಂದೆಯಿರುವ ಮನೆಯಲ್ಲಿ ಆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಅದಕ್ಕೆ ಕಾಯ್ದೆಯೂ ಬೇಕಿಲ್ಲ, ಫತ್ವಾವೂ ಬೇಕಿಲ್ಲ.